ಮುಂಬೈ ಮನೆಯಲ್ಲಿ ಗದ್ದಲ ಕಡಿಮೆ ಮಾಡುವುದು ಹೇಗೆ: ಕಿಟಕಿ ಸಂದಿಯಿಂದ ಕಿವಿಯ ಹೆಡ್‌ಫೋನ್‌ವರೆಗೆ

ನಮ್ಮ ಮನೆ ಮುಂಬೈ ಪಕ್ಕದ ಡೊಂಬಿವಲಿಯಲ್ಲಿ, ಮೂರನೇ ಮಹಡಿ. ಒಂದು ಕೋಣೆಯ ಕಿಟಕಿ ತೆರೆದರೆ ರೈಲು ಹಳಿ ಕಾಣುತ್ತದೆ. ಮನೆ ತೋರಿಸಿದ ಏಜೆಂಟ್ "ಸ್ಟೇಷನ್ ಐದೇ ನಿಮಿಷ" ಅಂದಿದ್ದ. ಸುಳ್ಳಲ್ಲ. ಆದರೆ ಸ್ಟೇಷನ್ನೇ ಐದು ನಿಮಿಷಕ್ಕೊಮ್ಮೆ ಮನೆಯೊಳಗೆ ಬಂದು ಹೋಗುತ್ತದೆ ಎಂದು ಹೇಳಿರಲಿಲ್ಲ. ರೈಲಿಗೆ ಹೇಗೋ ಒಗ್ಗಿಕೊಂಡೆವು. ಆಮೇಲೆ ಎದುರಿನ ಹಳೇ ಬಿಲ್ಡಿಂಗ್ ರಿಡೆವಲಪ್‌ಮೆಂಟ್‌ಗೆ, ಅಂದರೆ ಕೆಡವಿ ಹೊಸದಾಗಿ ಕಟ್ಟಲು ಹೋಯಿತು, ಬೆಳಿಗ್ಗೆಯಿಂದ ಸಂಜೆವರೆಗೆ ಕಾಂಕ್ರೀಟ್ ಒಡೆಯುವ ಬ್ರೇಕರ್ ಸದ್ದು. ಮೇಲಿನ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ದಿನಾ ಆರು ಗಂಟೆಗೆ ಚಹಾಕ್ಕೆ ಖಲ್‌ಬತ್ತಾದಲ್ಲಿ, ಅಂದರೆ ಕುಟ್ಟಾಣಿಯಲ್ಲಿ, ಶುಂಠಿ ಕುಟ್ಟುತ್ತಾರೆ. ನಾನು ಮನೆಯಿಂದಲೇ ಕೆಲಸ ಮಾಡುವವನು. ಒಂದು ದಿನ ತಾಳ್ಮೆ ಕೆಟ್ಟು, ಯೋಚನೆ ಮಾಡದೆ, ಹೊರಗಿನ ಸದ್ದನ್ನು ಅಳಿಸುವ ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಂದೆ.

ಹಾಕಿಕೊಂಡ ಕೂಡಲೇ ಫ್ಯಾನಿನ ಗುಂಯ್ ಮಾಯ, ರೈಲಿನ ಧಡಧಡ ಅರ್ಧಕ್ಕರ್ಧ ಮಾಯ. ಕುಣಿದುಬಿಟ್ಟೆ. ಮರುದಿನ ಬೆಳಿಗ್ಗೆ ಶುಂಠಿ ಕುಟ್ಟುವ ಸದ್ದು ಮೊದಲಿಗಿಂತ ಚೆನ್ನಾಗಿ ಕೇಳಿಸಿತು! ಸುತ್ತಲಿನ ಬೇರೆ ಸದ್ದೆಲ್ಲ ಹೋಗಿತ್ತಲ್ಲ, ಅದೊಂದೇ ಉಳಿದಿತ್ತು.

ಅಲ್ಲಿಂದ ನಾನು ಕಲಿತದ್ದು ಇಷ್ಟೇ: ಸದ್ದು ಎಲ್ಲಿಂದ, ಯಾವ ದಾರಿಯಲ್ಲಿ ಬರುತ್ತಿದೆ ಎಂದು ನೋಡದೆ ಒಂದು ಪೈಸೆಯನ್ನೂ ಬಿಚ್ಚಬಾರದು. ನಾನು ತಲೆಕೆಳಗಾಗಿ ಮಾಡಿದ್ದನ್ನು ನೀವು ನೆಟ್ಟಗೆ ಮಾಡಲಿ ಎಂದು ಬರೆಯುತ್ತಿದ್ದೇನೆ.

ಹಂತ 1: ಒಂದು ದಿನ ಸುಮ್ನೆ ಕೂತು ಕೇಳಿ

ಒಂದು ರಜಾದಿನ ಕಾಗದ ಪೆನ್ನು ಹಿಡಿದು ಕೂರಿ. ಯಾವ ಸದ್ದು, ಎಷ್ಟು ಗಂಟೆಗೆ, ಎಲ್ಲಿಂದ ಎಂದು ಬರೆಯಿರಿ. ಪ್ರತಿ ಸದ್ದಿಗೂ ಮೂರು ಪ್ರಶ್ನೆ. ಗಾಳಿಯಲ್ಲಿ ಬರುತ್ತಿದೆಯೋ, ಗೋಡೆ-ಸ್ಲ್ಯಾಬ್ ಹಿಡಿದು ಬರುತ್ತಿದೆಯೋ? ದಪ್ಪ ಸದ್ದೋ, ಕೀರಲು ಸದ್ದೋ? ಒಂದೇ ಸಮನೆ ಇರುತ್ತದೋ, ಫಕ್ಕನೆ ಬಂದು ಹೋಗುತ್ತದೋ?

ಮೊದಲನೆಯದನ್ನು ಪರೀಕ್ಷಿಸುವುದು ಸುಲಭ. ಕಿಟಕಿ ಮುಚ್ಚಿ ತೆಗೆದು ನೋಡಿ. ವ್ಯತ್ಯಾಸ ಇದ್ದರೆ ಗಾಳಿಯಲ್ಲಿ ಬರುವ ಸದ್ದು: ಹಾರ್ನ್, ಮಾತು, ಟಿವಿ, ನಾಯಿ. ವ್ಯತ್ಯಾಸವೇ ಇಲ್ಲ, ಗೋಡೆಗೆ ಕಿವಿ ಇಟ್ಟರೆ ಇನ್ನೂ ಜಾಸ್ತಿ ಕೇಳುತ್ತದೆ ಎಂದರೆ ಕಟ್ಟಡದ ಮೈಯಲ್ಲೇ ಬರುತ್ತಿದೆ: ಡ್ರಿಲ್, ಕುಟ್ಟುವುದು, ಕುರ್ಚಿ ಎಳೆಯುವುದು, ನೀರಿನ ಪಂಪು. ಈ ಎರಡನೇ ಜಾತಿಗೆ ಎಂಥ ಒಳ್ಳೆಯ ಕಿಟಕಿ ಹಾಕಿಸಿದರೂ ದಂಡ.

ಫೋನಿನಲ್ಲಿ ಡೆಸಿಬೆಲ್ ಅಳೆಯುವ ಆ್ಯಪ್ ಒಂದು ಇಟ್ಟುಕೊಳ್ಳಿ. ಅದರ ಅಂಕಿಯನ್ನು ಪೂರ್ತಿ ನಂಬಬೇಡಿ, ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಹೋಲಿಸಲು ಸಾಕು. ಡೆಸಿಬೆಲ್ ನಮ್ಮ ಮಾಮೂಲಿ ಲೆಕ್ಕದಂತಲ್ಲ. 10 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು, ಕಿವಿಗೆ ಸುಮಾರು ಎರಡು ಪಟ್ಟು ಜೋರು. ಹಾಗಾಗಿ 65 ಇದ್ದದ್ದು 55ಕ್ಕೆ ಇಳಿದರೆ "ಬರೀ ಹತ್ತಾ?" ಎನ್ನಬೇಡಿ. ಗದ್ದಲ ಅರ್ಧವಾಯಿತು ಎಂದು ಅರ್ಥ. ಮಲಗುವ ಕೋಣೆ 30 ಡೆಸಿಬೆಲ್ ಆಸುಪಾಸು ಇರಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಹಳಿ ಪಕ್ಕದಲ್ಲಿ ಅದು ಕನಸು ಬಿಡಿ.

ಹಂತ 2: ಸಂದಿ ಮುಚ್ಚಿ

ಖರ್ಚು ಕಡಿಮೆ, ಲಾಭ ಜಾಸ್ತಿ ಇರುವ ಕೆಲಸ ಇದು. ಮುಂಬೈ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ. ಅದರ ಅಂಚಿನಲ್ಲಿ ಬ್ರಷ್‌ನಂಥ ಕೂದಲಿನ ಪಟ್ಟಿ ಇರುತ್ತದೆ. ಕೆಲವು ವರ್ಷಕ್ಕೆ ಅದು ಸವೆದು, ಧೂಳು ಹಿಡಿದು, ಹೆಸರಿಗೆ ಮಾತ್ರ ಉಳಿಯುತ್ತದೆ. ನೀರು ಹೋಗುವ ಜಾಗದಲ್ಲೆಲ್ಲ ಗಾಳಿ ಹೋಗುತ್ತದೆ, ಗಾಳಿ ಹೋಗುವಲ್ಲಿ ಸದ್ದೂ ಹೋಗುತ್ತದೆ.

ಒಂದು ಲೆಕ್ಕ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕಡಿ ಉದ್ದ, ನಾಲ್ಕಡಿ ಎತ್ತರದ ಕಿಟಕಿ ತಗೊಳ್ಳಿ. ಅದರ ಕೆಳಗೆ ಉದ್ದಕ್ಕೂ ಅರ್ಧ ಇಂಚು ಸಂದಿ ಇದ್ದರೆ ಕಿಟಕಿಯ ಶೇ. 1ರಷ್ಟು ಜಾಗ ತೆರೆದಿದೆ ಎಂದಾಯಿತು. ಶೇ. 1 ತೆರೆದಿದ್ದರೆ ಆ ಕಿಟಕಿ ಹೆಚ್ಚೆಂದರೆ 20 ಡೆಸಿಬೆಲ್ ತಡೆಯುತ್ತದೆ. ಅದಕ್ಕೆ ಎಷ್ಟೇ ದಪ್ಪ ಗಾಜು ಹಾಕಿಸಿ, 20 ದಾಟುವುದಿಲ್ಲ. ಸದ್ದು ಗಾಜನ್ನು ಬಿಟ್ಟು ಸಂದಿಯಿಂದಲೇ ಬರುತ್ತದಲ್ಲ.

ಮಾಡಬೇಕಾದ್ದು: ಸಂಜೆ ಗಾಳಿ ಬೀಸುವಾಗ ಫ್ಯಾನ್ ಆಫ್ ಮಾಡಿ, ಊದುಬತ್ತಿ ಹಚ್ಚಿ, ಕಿಟಕಿ-ಬಾಗಿಲ ಅಂಚಿನ ಸುತ್ತ ನಿಧಾನ ಆಡಿಸಿ. ಹೊಗೆ ಎಲ್ಲಿ ನಡುಗುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಕಿಟಕಿಯ ಸವೆದ ಪಟ್ಟಿಯನ್ನು ಎಳೆದು ತೆಗೆದು, ತುಂಡೊಂದನ್ನು ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ತೆರೆಯುವ ಕಿಟಕಿ, ಬಾಗಿಲುಗಳ ಚೌಕಟ್ಟಿಗೆ ಅಂಟಿಸುವ ರಬ್ಬರ್ ಪಟ್ಟಿ ಸಿಗುತ್ತದೆ. ಸ್ಪಂಜಿನದಕ್ಕಿಂತ ರಬ್ಬರಿನದೇ ವಾಸಿ, ಸ್ಪಂಜು ಒಂದು ಮಳೆಗಾಲಕ್ಕೆ ಪುಡಿಯಾಗುತ್ತದೆ. ಆನ್‌ಲೈನಿನಲ್ಲೂ ಸಿಗುತ್ತದೆ, ಆದರೆ ಬೇರೆ ಬೇರೆ ದಪ್ಪದ ರಬ್ಬರ್ ಮುಟ್ಟಿ ನೋಡಿ ತರಬೇಕೆಂದರೆ ಮಸ್ಜಿದ್ ಬಂದರ್ ಸ್ಟೇಷನ್ನಿಂದ ನಾಗದೇವಿ ಸ್ಟ್ರೀಟಿಗೆ ನಡೆದು ಹೋಗಿ. ಮುಖ್ಯ ಬಾಗಿಲ ಕೆಳಗಿನ ಸಂದಿಗೆ ಡೋರ್ ಸೀಲ್. ಎಸಿ ಪೈಪು ಹೊರಹೋಗುವ ತೂತು ನೋಡಲು ಮರೆಯಬೇಡಿ, ನಮ್ಮ ಮನೆಯಲ್ಲಿ ಅಲ್ಲಿ ಬರೀ ಥರ್ಮಾಕೋಲ್ ತುರುಕಿದ್ದರು. ಗೋಡೆ ಮತ್ತು ಚೌಕಟ್ಟಿನ ನಡುವಿನ ಬಿರುಕಿಗೆ ಸಿಲಿಕಾನ್ ಸೀಲಂಟ್.

ಎರಡು ಕಡೆ ಮಾತ್ರ ಕೈ ಹಾಕಬೇಡಿ. ಸ್ಲೈಡಿಂಗ್ ಟ್ರ್ಯಾಕಿನಲ್ಲಿ ಹೊರಮುಖವಾಗಿ ಸಣ್ಣ ತೂತುಗಳಿರುತ್ತವೆ. ಅವು ಮಳೆನೀರು ಹೊರಹೋಗಲು ಇರುವುದು. ನಾನು ಜಾಣತನ ಮಾಡಿ ಮುಚ್ಚಿದ್ದೆ, ಜುಲೈನಲ್ಲಿ ಹಾಸಿಗೆ ಒದ್ದೆಯಾಯಿತು. ಇನ್ನೊಂದು ತಮಾಷೆಯ ವಿಷಯ ಅಲ್ಲ: ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನ, ಅಡುಗೆಮನೆಯ ಗಾಳಿಕಿಂಡಿಗಳನ್ನು ಮುಚ್ಚಲೇಬಾರದು. ಗಾಳಿಯಾಡದಿದ್ದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ಜೀವ ಹೋಗುತ್ತದೆ, ವಾಸನೆಯೂ ಬರುವುದಿಲ್ಲ.

ಹಂತ 3: ಗಾಜು, ಪರದೆ, ಮತ್ತೆ ಮೊಟ್ಟೆ ಟ್ರೇ

ಬಾಡಿಗೆ ಮನೆಯವರು ಇದನ್ನು ಬೇಗ ಓದಿ ದಾಟಬಹುದು. ಸ್ವಂತ ಮನೆಯಾದರೆ ಎರಡು ದಾರಿ. ಒಂದು, ಸ್ಲೈಡಿಂಗ್ ತೆಗೆದು ಬಾಗಿಲಿನಂತೆ ತೆರೆಯುವ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಹಾಕಿಸುವುದು. ಅದು ರಬ್ಬರಿನ ಮೇಲೆ ಒತ್ತಿ ಕೂರುತ್ತದೆ, ಹಾಗಾಗಿ ಸಂದಿ ಉಳಿಯುವುದಿಲ್ಲ. ಗಾಜು ಲ್ಯಾಮಿನೇಟೆಡ್ ಇರಲಿ, ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವಂಥದ್ದು. ಆ ಪದರ ನಡುಕವನ್ನು ಹೀರಿಕೊಳ್ಳುತ್ತದೆ. ಅಂಗಡಿಯವನು "ಡಬಲ್ ಗ್ಲಾಸ್ ಹಾಕಿ, ಪಿನ್ ಡ್ರಾಪ್ ಸೈಲೆಂಟ್" ಎನ್ನುತ್ತಾನೆ. ಮಾಮೂಲಿ ಡಬಲ್ ಗ್ಲಾಸಿನಲ್ಲಿ ನಡುವಿನ ಗಾಳಿ 12 ಮಿಲಿಮೀಟರ್ ಆಸುಪಾಸು ಇರುತ್ತದೆ, ಅದು ಶಾಖ ತಡೆಯಲು ಒಳ್ಳೆಯದು, ರೈಲಿನಂಥ ದಪ್ಪ ಸದ್ದಿಗೆ ಅಷ್ಟಕ್ಕಷ್ಟೆ. ಎರಡೂ ಗಾಜು ಒಂದೇ ದಪ್ಪ ಇರಬಾರದು ಎಂಬುದನ್ನೂ ಕೇಳಿ ನೋಡಿ. ಒಂದೇ ದಪ್ಪವಾದರೆ ಎರಡೂ ಒಂದೇ ಸ್ವರಕ್ಕೆ ಸೋಲುತ್ತವೆ.

ಎರಡನೆಯದು ನನಗೆ ಇಷ್ಟವಾದ ದಾರಿ. ಹಳೇ ಕಿಟಕಿ ಹಾಗೇ ಇರಲಿ. ಒಳಗಡೆ, ನಾಲ್ಕು ಇಂಚಿನಷ್ಟು ಬಿಟ್ಟು, ಇನ್ನೊಂದು ಕಿಟಕಿ. ನಡುವಿನ ಅಂತರ ಜಾಸ್ತಿ ಇದ್ದಷ್ಟೂ ದಪ್ಪ ಸದ್ದು ಚೆನ್ನಾಗಿ ತಗ್ಗುತ್ತದೆ. ನಮ್ಮ ಕಿಟಕಿಗಳಿಗೆ ಹೇಗೂ ಕಲ್ಲಿನ ಕಟ್ಟೆ ಅಗಲವಾಗಿ ಇರುತ್ತದೆ, ಜಾಗ ಸಿಗುತ್ತದೆ. ಹೊರಗೆ ಏನೂ ಬದಲಾಗದ ಕಾರಣ ಸೊಸೈಟಿಯವರ, ಅಂದರೆ ಬಿಲ್ಡಿಂಗಿನ ನಿವಾಸಿ ಸಂಘದವರ ತಕರಾರೂ ಇಲ್ಲ.

ದಪ್ಪ ಪರದೆ, ಗೋಡೆಗೆ ಫೋಮ್, ಮೊಟ್ಟೆ ಟ್ರೇ: ಇವುಗಳ ಬಗ್ಗೆ ಜಗಳವಾಡಿ ಸಾಕಾಗಿದೆ. ಇವು ಕೋಣೆಯೊಳಗಿನ ಪ್ರತಿಧ್ವನಿ ಕಡಿಮೆ ಮಾಡುತ್ತವೆ, ಹೊರಗಿನ ಸದ್ದನ್ನು ತಡೆಯುವುದಿಲ್ಲ. ತಡೆಯಲು ತೂಕ ಬೇಕು. ಮೊಟ್ಟೆ ಟ್ರೇಗೆ ಎಲ್ಲಿಯ ತೂಕ? ಪಕ್ಕದ ಮನೆಯ ಗೋಡೆಗೆ ತುಂಬಿದ ಪುಸ್ತಕದ ಕಪಾಟೋ, ಬಟ್ಟೆಯ ಬೀರುವೋ ಒತ್ತಿ ಇಡಿ, ಅದೇ ಎಷ್ಟೋ ಮೇಲು.

ಹಂತ 4: ನಡುಗುವುದನ್ನು ನಿಲ್ಲಿಸಿ

ಮಳೆಗಾಲದಲ್ಲಿ ನಮ್ಮ ನಿದ್ದೆ ಕೆಡಿಸುವುದು ರೈಲಲ್ಲ, ಕಿಟಕಿ ಗ್ರಿಲ್ ಮೇಲಿನ ಪತ್ರಾ. ಹನಿ ಬಿದ್ದಾಗಲೆಲ್ಲ ತಗಡು ತಮಟೆಯಾಗುತ್ತದೆ. ಅದಕ್ಕೆ ಮಳೆ ನಿಲ್ಲಿಸಬೇಕಿಲ್ಲ, ತಗಡಿನ ನಡುಕ ನಿಲ್ಲಿಸಿದರೆ ಸಾಕು. ವಾಟರ್‌ಪ್ರೂಫಿಂಗ್‌ಗೆ ಬಳಸುವ ಅಂಟಿರುವ ಡಾಂಬರು ಹಾಳೆಯನ್ನು ಮೇಲಿನಿಂದ ಅಂಟಿಸಿ. ಹಳೇ ರಬ್ಬರ್ ಮ್ಯಾಟ್ ಕಟ್ಟಿದರೂ ಆಗುತ್ತದೆ. ಪಾರಿವಾಳಗಳ ಕಾಲಿನ ಟಕಟಕವೂ ಅದರ ಜೊತೆ ಹೋಗುತ್ತದೆ. ಆದರೆ ಗ್ರಿಲ್ ಹತ್ತಿ ನೀವೇ ಮಾಡಲು ಹೋಗಬೇಡಿ, ಪತ್ರಾ ಹಾಕುವವನನ್ನೇ ಮಳೆಗಾಲಕ್ಕೆ ಮುಂಚೆ ಕರೆಸಿ.

ಎಸಿಯ ಹೊರಗಿನ ಯೂನಿಟ್ ಕೆಳಗೆ, ವಾಷಿಂಗ್ ಮಷಿನ್ ಕಾಲಿಗೆ ರಬ್ಬರ್ ಪ್ಯಾಡ್ ಇಡಿ. ಮಿಕ್ಸರ್ ಕೆಳಗೆ ನಾಲ್ಕು ಮಡಿಕೆ ಟವೆಲ್ ಸಾಕು, ಗಾಳಿ ಹೋಗುವ ತೂತು ಮುಚ್ಚದಂತೆ ನೋಡಿಕೊಳ್ಳಿ.

ಮೇಲಿನ ಮನೆಯ ಕುಟ್ಟುವ ಸದ್ದಿಗೆ ನಮ್ಮ ಸೀಲಿಂಗಿನಲ್ಲಿ ಮದ್ದಿಲ್ಲ. ಮದ್ದು ಮೇಲೆಯೇ ಹಾಕಬೇಕು. ನಾನು ಆರು ತಿಂಗಳು ಹಲ್ಲು ಕಚ್ಚಿಕೊಂಡಿದ್ದೆ. ಕೊನೆಗೆ ಹೆಂಡತಿ ಒಂದು ಡಬ್ಬಿ ಕೋಡುಬಳೆ ಕೊಟ್ಟು, ಒಂದಿಂಚು ದಪ್ಪದ ರಬ್ಬರ್ ತುಂಡನ್ನೂ ಕೈಗೆ ಕೊಟ್ಟು ಮೇಲೆ ಕಳಿಸಿದಳು. ಕಾಕು "ಅರೇ, ಆಧೀ ಸಾಂಗಾಯ್ಚಂ ನಾ!" ಅಂದರು, ಮೊದಲೇ ಹೇಳಬಾರದಿತ್ತಾ ಅಂತ. ಈಗ ಖಲ್‌ಬತ್ತಾ ರಬ್ಬರಿನ ಮೇಲೆ ಕೂರುತ್ತದೆ, ನನಗೆ ಆರು ಗಂಟೆಗೆ ಬರೀ ಮೆಲ್ಲಗೆ ಧಪ್ ಧಪ್. ಕುರ್ಚಿ ಕಾಲಿಗೆ ಅಂಟಿಸುವ ಫೆಲ್ಟ್ ಪ್ಯಾಡನ್ನೂ ಹೀಗೇ ಉಡುಗೊರೆ ಕೊಡಬಹುದು.

ಹಂತ 5: ಕಿವಿಗೆ ಬನ್ನಿ

ಈಗ ಉಳಿದ ಸದ್ದಿಗೆ ಹೆಡ್‌ಫೋನ್. ಮೊದಲು ಬಡವರ ಬಂಧು ಫೋಮ್ ಇಯರ್‌ಪ್ಲಗ್. ಹತ್ತಿಪ್ಪತ್ತು ರೂಪಾಯಿಗೆ ಒಂದು ಜೊತೆ. "ನಂಗೆ ಕೆಲಸ ಮಾಡಲ್ಲ" ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಕಿವಿಯ ಬಾಗಿಲಲ್ಲಿ ನಿಲ್ಲಿಸಿರುತ್ತಾರೆ. ಕೈ ತೊಳೆದುಕೊಳ್ಳಿ. ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ಬತ್ತಿಯಂತೆ ತೆಳ್ಳಗೆ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಿರಿ, ಆಗ ಒಳಗಿನ ದಾರಿ ನೆಟ್ಟಗಾಗುತ್ತದೆ. ಒಳಗೆ ತೂರಿಸಿ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಿರಿ, ಅದು ಅರಳಿ ಕೂರುತ್ತದೆ. ನಿಮ್ಮ ಮಾತೇ ನಿಮಗೆ ಕೊಡದೊಳಗಿಂದ ಬಂದಂತೆ ಕೇಳಿದರೆ ಸರಿಯಾಗಿದೆ. ಪೊಟ್ಟಣದ ಮೇಲೆ 29 ಡೆಸಿಬೆಲ್, 33 ಡೆಸಿಬೆಲ್ ಎಂದು ಬರೆದಿರುತ್ತಾರೆ. ಅದು ಪ್ರಯೋಗಾಲಯದ ಲೆಕ್ಕ, ಮನೆಯಲ್ಲಿ ಅದರ ಅರ್ಧ ಸಿಕ್ಕರೂ ಖುಷಿಪಡಿ. ಕೊಳೆಯಾದದ್ದನ್ನು ಎಸೆಯಿರಿ. ಈ ಊರಿನ ಸೆಕೆಯಲ್ಲಿ ಒದ್ದೆ ಕಿವಿಗೆ ಪ್ಲಗ್ ಹಾಕಿ ಮಲಗಿದರೆ ಫಂಗಸ್ ಹಿಡಿಯುತ್ತದೆ. ಕಿವಿ ಸೋರುತ್ತಿದ್ದರೆ, ಗುಗ್ಗೆ ಗಟ್ಟಿಯಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ.

ಈಗ ನಾಯ್ಸ್ ಕ್ಯಾನ್ಸಲಿಂಗ್. ಹೆಡ್‌ಫೋನಿನ ಮೈಕು ಹೊರಗಿನ ಸದ್ದನ್ನು ಕೇಳಿಸಿಕೊಂಡು, ಅದಕ್ಕೆ ಸರಿಯಾಗಿ ಉಲ್ಟಾ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಒಂದರ ಏರು ಇನ್ನೊಂದರ ಇಳಿತಕ್ಕೆ ಕೂಡಿ ಎರಡೂ ಸಮತಟ್ಟು. ಈ ಉಪಾಯಕ್ಕೆ ಪಾಲ್ ಲ್ಯೂಗ್ ಎಂಬ ಜರ್ಮನ್ನನಿಗೆ 1936ರಲ್ಲೇ ಅಮೆರಿಕದ ಪೇಟೆಂಟ್ ಸಿಕ್ಕಿತ್ತು. ಕಿವಿಗೆ ಬಂದದ್ದು ತಡವಾಗಿ. ಬೋಸ್ ಸ್ಪೀಕರ್ ಕಂಪನಿ ಕಟ್ಟಿದ, ಬಂಗಾಳಿ ಅಪ್ಪನ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಹೋಗುವಾಗ ಎಂಜಿನ್ ಸದ್ದಿಗೆ ಹಾಡೇ ಕೇಳಿಸದೆ, ಕೂತಲ್ಲೇ ಲೆಕ್ಕ ಹಾಕಲು ಶುರುಮಾಡಿದರು. ಪೈಲಟ್‌ಗಳಿಗೆ ಅವರ ಕಂಪನಿಯ ಹೆಡ್‌ಸೆಟ್ ಬಂದದ್ದು 1989ರಲ್ಲಿ.

ವಿಮಾನಕ್ಕೆ ಹುಟ್ಟಿದ ವಸ್ತು ಎಂಬುದನ್ನು ನೆನಪಿಟ್ಟರೆ ಅದರ ಸ್ವಭಾವ ತಿಳಿಯುತ್ತದೆ. ಒಂದೇ ಸಮನೆ ಇರುವ ದಪ್ಪ ಸದ್ದಿಗೆ ಅದು ಹುಲಿ: ಫ್ಯಾನ್, ಎಸಿ, ಪಂಪು, ಜನರೇಟರ್, ದೂರದ ರೈಲು. ಸುಮಾರು 1000 ಹರ್ಟ್ಜ್‌ಗಿಂತ (ಸೆಕೆಂಡಿಗೆ ಸಾವಿರ ನಡುಕ) ಮೇಲಿನ ಕೀರಲು ಸದ್ದಿನ ಸಣ್ಣ ಅಲೆಗಳಿಗೆ ಉಲ್ಟಾ ಅಲೆ ಹೊಂದಿಸುವುದು ಅದಕ್ಕೆ ಕಷ್ಟ. ಹಾರ್ನ್, ಮಗುವಿನ ಅಳು, ಕುಕ್ಕರ್ ಸೀಟಿ ತಡೆಯುವುದು ಎಲೆಕ್ಟ್ರಾನಿಕ್ಸ್ ಅಲ್ಲ, ಕಿವಿ ಮುಚ್ಚುವ ಮೆತ್ತೆ. ಫಕ್ಕನೆ ಬರುವ ಸುತ್ತಿಗೆ ಏಟಿಗೆ ಎರಡೂ ಅಷ್ಟಕ್ಕಷ್ಟೆ.

ಹಾಗಾಗಿ ಕೊಳ್ಳುವಾಗ ಮೆತ್ತೆ ನೋಡಿ. ಕಿವಿ ಪೂರ್ತಿ ಒಳಗೆ ಕೂರಬೇಕು, ಕನ್ನಡಕ ಹಾಕುವವರು ಕನ್ನಡಕದ ಜೊತೆಗೇ ಹಾಕಿ ನೋಡಬೇಕು, ಏಕೆಂದರೆ ಕಡ್ಡಿಯ ಪಕ್ಕದ ಸಂದಿಯೂ ಸಂದಿಯೇ. ಏಪ್ರಿಲ್-ಮೇನಲ್ಲಿ ದೊಡ್ಡ ಹೆಡ್‌ಫೋನ್ ಕಿವಿಯನ್ನು ಬೇಯಿಸುತ್ತದೆ, ಆಗ ಕಿವಿಯೊಳಗೆ ಕೂರುವ ಇಯರ್‌ಬಡ್ಸ್ ಮೇಲು. ಅದರ ಜೊತೆ ಬರುವ ಮೂರು ಅಳತೆಯ ರಬ್ಬರ್ ತುದಿಗಳನ್ನು ಎಲ್ಲ ಹಾಕಿ ನೋಡಿ, ಎರಡೂ ಕಿವಿಗೆ ಒಂದೇ ಅಳತೆ ಬೇಕೆಂದಿಲ್ಲ. ಅಂಗಡಿಯಲ್ಲಿ ಹಾಡು ಹಾಕಿ ಪರೀಕ್ಷಿಸಬೇಡಿ. ಹಾಡಿಲ್ಲದೆ ಎಸಿ ಕೆಳಗೆ ನಿಂತು ಆನ್-ಆಫ್ ಮಾಡಿ ನೋಡಿ. ಕೆಲವರಿಗೆ ಕಿವಿ ಕಟ್ಟಿದಂತೆ ಆಗುತ್ತದೆ, ಅಂಥವರು ವಾಪಸ್ ಕೊಡುವ ಅವಕಾಶ ಇರುವಲ್ಲೇ ಕೊಳ್ಳಿ.

ನಾನು ಮಾಡುವುದು ಹೀಗೆ. ಬ್ರೇಕರ್ ಶುರುವಾದಾಗ ಮೊದಲು ಫೋಮ್ ಪ್ಲಗ್, ಅದರ ಮೇಲೆ ಹೆಡ್‌ಫೋನ್, ಅದರಲ್ಲಿ ಬ್ರೌನ್ ನಾಯ್ಸ್, ಅಂದರೆ ಜಲಪಾತದಂಥ ದಪ್ಪ ಹರಿವಿನ ಸದ್ದು. ಎರಡನ್ನೂ ಹಾಕಿದರೆ ಎರಡರ ಅಂಕಿ ಕೂಡುವುದಿಲ್ಲ, ಒಳ್ಳೆಯದರ ಮೇಲೆ ಐದು ಡೆಸಿಬೆಲ್ ಸೇರಬಹುದು. ಮೂಳೆಯ ಮೂಲಕವೂ ಸದ್ದು ಒಳಗೆ ಹೋಗುತ್ತದಲ್ಲ. ಉಳಿದ ಚೂರುಪಾರು ಸದ್ದನ್ನು ಬ್ರೌನ್ ನಾಯ್ಸ್ ನುಂಗುತ್ತದೆ. ಹೊರಗಿನ ಸದ್ದನ್ನು ಸೋಲಿಸಲು ವಾಲ್ಯೂಮ್ ಏರಿಸುತ್ತಾ ಹೋಗಬೇಡಿ. 85 ಡೆಸಿಬೆಲ್ ದಿನಕ್ಕೆ 8 ಗಂಟೆ ಎನ್ನುವುದು ಕಾರ್ಮಿಕರ ಕಿವಿಗೆ ತಜ್ಞರು ಹೇಳುವ ಮಿತಿ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ ಎರಡೇ. ವಾಲ್ಯೂಮ್ ಶೇ. 60 ದಾಟದಿರಲಿ.

ರಾತ್ರಿಗೆ ದೊಡ್ಡ ಹೆಡ್‌ಫೋನ್ ಆಗುವುದಿಲ್ಲ, ಮಗ್ಗುಲಾದರೆ ನೋವು. ಪ್ಲಗ್ ಒಂದು, ಸೀಲಿಂಗ್ ಫ್ಯಾನಿನ ಜೊತೆ ಒಂದು ಟೇಬಲ್ ಫ್ಯಾನ್ ಗೋಡೆಗೆ ಮುಖ ಮಾಡಿ, ಇಷ್ಟೇ. ಮನೆಯಲ್ಲಿ ಚಿಕ್ಕ ಮಗುವೋ, ಹುಷಾರಿಲ್ಲದ ಹಿರಿಯರೋ ಇದ್ದರೆ ಇಬ್ಬರೂ ಒಟ್ಟಿಗೆ ಕಿವಿ ಮುಚ್ಚಿ ಮಲಗಬೇಡಿ.

ಒಂದು ತಪ್ಪು ತಿಳುವಳಿಕೆ. ನಿಮ್ಮ ಹೆಡ್‌ಫೋನ್ ಸದ್ದು ತಡೆದರೆ ನಿಮಗೆ ಲಾಭ, ಮೀಟಿಂಗಿನಲ್ಲಿ ಆ ಕಡೆ ಇರುವವರಿಗೆ ಅಲ್ಲ. ಅವರಿಗೆ ರೈಲು ಕೇಳಿಸುತ್ತಲೇ ಇರುತ್ತದೆ. ಅದಕ್ಕೆ ಝೂಮ್, ಮೀಟ್‌ಗಳ ಸೆಟ್ಟಿಂಗಿನಲ್ಲಿ ಹಿನ್ನೆಲೆ ಸದ್ದು ತೆಗೆಯುವ ಆಯ್ಕೆ ಇದೆಯೇ ನೋಡಿ ಆನ್ ಮಾಡಿ, ಬಾಯಿಗೆ ಹತ್ತಿರ ಬರುವ ಕಡ್ಡಿ ಮೈಕಿನ ಹೆಡ್‌ಸೆಟ್ ಬಳಸಿ.

ಮತ್ತೆ, ಕೆಲವೊಮ್ಮೆ ಹೆಡ್‌ಫೋನ್ ಬೇಕಾದದ್ದು ನಮಗಲ್ಲ. ಅಮ್ಮನಿಗೆ ಕಿವಿ ಸ್ವಲ್ಪ ಮಂದ, ಸಂಜೆ ಧಾರಾವಾಹಿ ಇಡೀ ಮಹಡಿಗೆ ಕೇಳಿಸುತ್ತಿತ್ತು. ಟಿವಿಗೆ ಒಂದು ವೈರ್‌ಲೆಸ್ ಹೆಡ್‌ಫೋನ್ ಜೋಡಿಸಿ ಅವರಿಗೇ ಕೊಟ್ಟೆವು. ಅಗ್ಗದ ಬ್ಲೂಟೂತ್‌ನಲ್ಲಿ ತುಟಿ ಆಡಿದ ಮೇಲೆ ಮಾತು ಬರುತ್ತದೆ, ಟಿವಿಗೆ ಜೋಡಿಸುವ ರೇಡಿಯೋ ಪೆಟ್ಟಿಗೆ ಇರುವ ಟಿವಿ ಹೆಡ್‌ಫೋನಿನಲ್ಲಿ ಆ ಕಿರಿಕಿರಿ ಇಲ್ಲ. ಈಗ ಅತ್ತೆ-ಸೊಸೆ ಜಗಳ ಅವರ ಕಿವಿಯೊಳಗೇ ನಡೆಯುತ್ತದೆ, ಸೀರಿಯಲ್ಲಿನದು ಹೇಳುತ್ತಿದ್ದೇನೆ.

ಹಂತ 6: ಕಾನೂನು ತಿಳಿದಿರಲಿ, ಬಾಯಿ ಮೆತ್ತಗಿರಲಿ

2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಎಂದರೆ ಹತ್ತರಿಂದ ಬೆಳಿಗ್ಗೆ ಆರು. ಆ ಹೊತ್ತಿನಲ್ಲಿ ವಸತಿ ಪ್ರದೇಶದಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ, ತುರ್ತು ಇಲ್ಲದೆ ಹಾರ್ನ್ ಕೂಡ ಹಾಕುವಂತಿಲ್ಲ. ನಗಬೇಡಿ, ನಿಯಮ ಹಾಗೇ ಇದೆ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ಶಾಂತ ವಲಯ ಎಂದು ಘೋಷಿಸಬಹುದು. ಹಬ್ಬಕ್ಕೆ ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ, ರಾತ್ರಿ ಹನ್ನೆರಡರವರೆಗೆ ಧ್ವನಿವರ್ಧಕಕ್ಕೆ ಬಿಡಬಹುದು. ಮಿತಿಗಿಂತ 10 ಡೆಸಿಬೆಲ್ ಜಾಸ್ತಿಯಾದರೆ, ಇಲ್ಲವೇ ರಾತ್ರಿಯ ನಿರ್ಬಂಧ ಮುರಿದರೆ ಯಾರು ಬೇಕಾದರೂ ದೂರು ಕೊಡಬಹುದು, 112ಕ್ಕೆ ಫೋನ್ ಮಾಡಿದರಾಯಿತು. ಹಂತ 1ರಲ್ಲಿ ಬರೆದ ಚೀಟಿ, ದಿನಾಂಕ-ಸಮಯ ಇರುವ ವಿಡಿಯೋ ಇಲ್ಲಿ ಕೆಲಸಕ್ಕೆ ಬರುತ್ತದೆ.

ಆದರೆ ಫೋನ್ ಕೊನೆಯ ಅಸ್ತ್ರ. ಮನೆಗಳೊಳಗಿನ ರಿಪೇರಿ ಕೆಲಸಕ್ಕೆ ಸಮಯ ಗೊತ್ತುಮಾಡಿ ಎಂದು ಮೊದಲು ಸೊಸೈಟಿ ಸೆಕ್ರೆಟರಿಗೆ ಲಿಖಿತ ಅರ್ಜಿ ಕೊಡಿ, ಮಧ್ಯಾಹ್ನ ಎರಡು ತಾಸು ಬಿಡುವು ಕೇಳಿ. ಗಣಪತಿ ಮಂಡಲದ ಹುಡುಗರ ಹತ್ತಿರ ಚೌತಿಗೆ ಹದಿನೈದು ದಿನ ಮೊದಲೇ ಹೋಗಿ, ವಂತಿಗೆಯ ರಸೀದಿ ಪುಸ್ತಕ ಹಿಡಿದು ಅವರೇ ಬಂದಾಗ ಇನ್ನೂ ಒಳ್ಳೆಯದು. ಸ್ಪೀಕರ್ ಮುಖವನ್ನು ಬಿಲ್ಡಿಂಗ್ ಬದಲು ರಸ್ತೆ ಕಡೆ ತಿರುಗಿಸಿ ಎಂದು ಕೇಳಿದ್ದಕ್ಕೆ ನಮ್ಮ ಗಲ್ಲಿಯವರು ಒಪ್ಪಿದರು. ಕೀರಲು ಸದ್ದು ಎಷ್ಟೋ ಇಳಿಯಿತು. ಬೇಸ್, ಅಂದರೆ ದಪ್ಪ ಸದ್ದು, ಮಾತ್ರ ಹಾಗೇ ಉಳಿಯಿತು, ಅದಕ್ಕೆ ದಿಕ್ಕಿಲ್ಲ, ಅದು ಗೋಡೆ, ಗಾಜು, ಪ್ಲಗ್ ಎಲ್ಲ ದಾಟಿ ಎದೆಗೇ ಬಡಿಯುತ್ತದೆ. ವಿಸರ್ಜನೆ ರಾತ್ರಿ ನಾವು ಹಾಸಿಗೆ ಎಳೆದುಕೊಂಡು ಹಳಿ ಕಡೆಯ ಕೋಣೆಗೆ ಹೋಗುತ್ತೇವೆ. ಆ ಒಂದು ದಿನ ರೈಲೇ ಪರವಾಗಿಲ್ಲ.